ಉಳಿದ ಕವಣೆಕಲ್ಲು

ಯುದ್ಧದ ದೆಸೆಯಿಂದ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುವ ನಮ್ಮ ಬಸ್ಸು ದೇವನಹಳ್ಳಿ ದಾಟಿ ಏರಿನಲ್ಲಿ ನಿಂತುಬಿಟ್ಟಿತು. ಡ್ರೈವರು ಬೆಂಕಿ ಕೆದಕುತ್ತಿದ್ದಾಗ ನಾನು ಪಕ್ಕದ ಹುರುಳಿ ಹೊಲಕ್ಕೆ ಇಳಿದೆ. ಕಾವಲು ಅಟ್ಟಣೆಯ ಬುಡದಲ್ಲಿ ಮಂಡಿಯೆತ್ತರ ಕಲ್ಲಿನ ಗುಡ್ಡೆ. ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

"ಜಿಂಕೆ ಓಡ್ಸೋ ಕವಣೆಕಲ್ಲು ಸ್ವಾಮಿ," ಎಂದ ಹೊಲದ ಯಜಮಾನ ಮುನಿಶಾಮಪ್ಪ. "ಮುಂಚೆ ಕೊಯ್ಲಿನೊಳಗೆ ಒಂದು ಕಲ್ಲೂ ಉಳೀತಿರಲಿಲ್ಲ. ಹೋದ ವರ್ಷ ಅರ್ಧ ಉಳೀತು. ಈ ವರ್ಷ ಒಂದನ್ನೂ ಮುಟ್ಟಿಲ್ಲ."

"ಸದ್ಯ, ಬೆಳೆ ಉಳೀತಲ್ಲ," ಎಂದೆ.

ಅವನು ನನ್ನನ್ನು ಸುಡುವಂತೆ ನೋಡಿದ. "ಬೆಳೆ ತಿಂದ್ರೆ ಓಡಿಸ್ತಿದ್ದೆ. ಕೊಲ್ಲಿ ಅಂತ ಯಾರಿಗೆ ಹೇಳಿದ್ದೆ? ಬೆಂಗಳೂರಿಂದ ಮೋಟಾರಲ್ಲಿ ಬರ್ತಾರೆ, ಗಬ್ಬದ ಜಿಂಕೇನೂ ಬಿಡಲ್ಲ!"

ನಾಚಿಕೆಯೂ ಸಿಟ್ಟೂ ಒಟ್ಟಿಗೇ ನೆತ್ತಿಗೇರಿದವು. ಹಸಿದು ಕೊಂದವರಲ್ಲ ಇವರು. ರಜಾ ಕಳೆಯಲು ಬಂದ, ನನ್ನಂಥದೇ ಇಸ್ತ್ರಿ ಷರಟಿನವರು.

ಅಷ್ಟರಲ್ಲಿ ಒಂದು ಮೋಟಾರು ಬಂದು ನಿಂತಿತು. ಬಸ್ಸಿಗೆ ಸಿಗದ ಪೆಟ್ರೋಲು ಅದಕ್ಕೆ ಸಿಕ್ಕಿತ್ತು. ಕಿಟಕಿಯಲ್ಲಿ ಬಂದೂಕಿನ ಮೂತಿ.

"ಏನಪ್ಪಾ, ಜಿಂಕೆ ಯಾವ ಕಡೆ ಸಿಗ್ತವೆ?" ಎಂದು ಒಳಗಿದ್ದವನು ಕೇಳಿದ.

ಮುನಿಶಾಮಪ್ಪ ಗುಡ್ಡೆಯತ್ತ ಬಾಗಿದ. ಬಲೆ ಸರಿಸಿ, ಒಂದು ಕಲ್ಲು ಆರಿಸಿ ಕವಣೆಗಿಟ್ಟ.

ನಾನೂ ಒಂದನ್ನು ಎತ್ತಿಕೊಂಡೆ.