ಬಿಗಿಯಾಗದ ಎರಡು ಬೋಲ್ಟು

ಶಿಗ್ಗಾವಿಯ ಹತ್ತಿರ ಗೋವಿನಜೋಳದ ರಾಶಿ ಮಷೀನು ತಯಾರಿಸುವ ಕಾರ್ಖಾನೆಯಲ್ಲಿ ನಾನು ಬಿಡಿಭಾಗ ಜೋಡಿಸುವ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಇಬ್ಬಿಬ್ಬರದು ಒಂದು ಜೋಡಿ. ನನ್ನ ಜೋಡಿಯಲ್ಲಿದ್ದವಳು ಹುಲಗೂರಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅಕ್ಕ ಎಂದೇ ಕರೆಯುತ್ತಿದ್ದೆ. ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ನನಗೆ ಕಲಿಸಿದವಳೇ ಅವಳು.

ಅವಳು ಬೋಲ್ಟು ಬಿಗಿ ಮಾಡಬೇಕು, ನಾನು ಅದರ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕಿ ಇಡಬೇಕು. ಚುಕ್ಕಿ ಬಿತ್ತೆಂದರೆ ಬಿಗಿಯಾಗಿದೆ ಎಂದರ್ಥ. ಆಮೇಲೆ ಅದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ನನಗೋ ಹುಟ್ಟಾ ಅವಸರ. ಒಂದೊಂದಕ್ಕೂ ಯಾರು ಕಾಯುತ್ತಾರೆಂದು ಮುಂದಿನವಕ್ಕೆಲ್ಲ ಮೊದಲೇ ಚುಕ್ಕಿ ಇಟ್ಟುಬಿಡುತ್ತಿದ್ದೆ.

"ತಡಿಯವಾ, ನಿನ್ನ ಲಗ್ನದ ಮುಹೂರ್ತ ಏನ್ ಮೀರಾಕತ್ತಿಲ್ಲ," ಎಂದು ಅಕ್ಕ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಒಂದು ದಿನ ಮಷೀನಿನ ಗಾಲಿ ತಿರುಗಿಸುವ ಪಟ್ಟಾದ ಮೇಲಿನ ಮುಚ್ಚಳ ಕೂರಿಸುತ್ತಿದ್ದೆವು. ಆರು ಬೋಲ್ಟು. ಆರಕ್ಕೂ ಚುಕ್ಕಿ ಇಟ್ಟು ನಾನು ಚಹಾ ಕುಡಿಯಲು ಹೋದೆ. ಅಕ್ಕ ನಾಲ್ಕು ಬಿಗಿ ಮಾಡುವಷ್ಟರಲ್ಲಿ ಸಾಹೇಬರು ಅವಳನ್ನು ಬೇರೆ ಮಷೀನಿಗೆ ಕರೆದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಮರಳಿ ಬಂದು, ನಾನೇ ಇಟ್ಟ ಚುಕ್ಕಿಗಳನ್ನು ನೋಡಿ ನಾನೇ ನಂಬಿ, ಮಷೀನನ್ನು ಮುಂದಕ್ಕೆ ತಳ್ಳಿದೆ. ಅಕ್ಕ ಓಡಿ ಬಂದು ಕೇಳಿದಳು, "ಉಳಿದಿದ್ದು ಬಿಗಿ ಮಾಡಿದೇನ?"

ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. "ಎಲ್ಲಾ ಆಗೇತಕ್ಕಾ," ಎಂದೆ.

ಆ ಮಷೀನು ಹತ್ತಿಮತ್ತೂರಿಗೆ ಹೋಯಿತು. ರಾಶಿ ನಡೆದಾಗ ಬಿಗಿಯಾಗದ ಎರಡು ಬೋಲ್ಟು ಕಳಚಿ ಮುಚ್ಚಳ ಹಾರಿ, ಕೆಲಸಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳ ಮುಂಗೈ ಮುರಿಯಿತು. ಸಾಹೇಬರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. "ಇದನ್ನ ಬಿಗಿ ಮಾಡಿದವರು ಯಾರು?"

"ನಾನರಿ," ಎಂದಳು ಅಕ್ಕ. ಒಮ್ಮೆ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಎರಡು ದಿನದ ಮೇಲೆ ಅವಳನ್ನು ಕೆಲಸದಿಂದ ತೆಗೆದರು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಂಥ ಹೇಡಿ ನಾನು.

ತಿಂಗಳಾದ ಮೇಲೆ ಹುಲಗೂರಿಗೆ ಹೋದೆ. ಅಕ್ಕ ಅಂಗಳದಲ್ಲಿ ಯಾರದೋ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದಳು. "ಬಾ, ಕುಂದರ," ಎಂದಳು. ಕೂರಲಾಗಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿ ಅತ್ತೆ.

"ಗೊತ್ತೈತಿ. ಸಾಲಾಗಿ ನಿಂತಾಗ ನೀ ನೆಲ ನೋಡಿದೆಲ್ಲ, ಅವತ್ತ ಗೊತ್ತಾತು," ಎಂದಳು.

"ಮತ್ತ ಯಾಕ ಹೇಳಲಿಲ್ಲಕ್ಕಾ?"

ಅವಳ ಕೈ ನಿಲ್ಲಲಿಲ್ಲ. "ನೀನ ಹೇಳ್ತಿ ಅಂದ್ಕೊಂಡಿದ್ದೆ. ಎರಡು ದಿನ ಅದನ್ನ ಕಾಯ್ಕೊಂತ ಇದ್ದೆ."

ಈಗಲೂ ಅದೇ ಕಾರ್ಖಾನೆಗೆ ಹೋಗುತ್ತೇನೆ. ಅಕ್ಕನ ಮುಂದೆ ಅತ್ತು ಬಂದೆನೇ ಹೊರತು, ಸಾಹೇಬರಿಗೆ ಇವತ್ತಿನವರೆಗೂ ಹೇಳಿಲ್ಲ.