ತಂಗಿ ಕಟ್ಟಿದ ಅಡುಗೆ ಕಟ್ಟೆ

ನನ್ನ ತಂಗಿ ಕೂತಲ್ಲಿ ಕೂರುವವಳಲ್ಲ. ಚಿಕ್ಕಂದಿನಿಂದಲೂ ಹಾಗೇ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಗ್ಯಾರೇಜು ಸೇರಿದವನು. ಒಂದು ಸಂಜೆ ಸುಸ್ತಾಗಿ ಬಂದು ಮಂಚದ ಮೇಲೆ ಕೂರಲು ಹೋದರೆ ದಬ್ಬನೆ ನೆಲಕ್ಕೆ ಬಿದ್ದೆ. ಮಂಚ ಕಿಟಕಿಯ ಪಕ್ಕ ಹೋಗಿತ್ತು. "ಅಲ್ಲಿ ಗಾಳಿ ಬರುತ್ತೆ ಅಣ್ಣ" ಅಂದಳು. ಬಾಯಿಗೆ ಬಂದಂತೆ ಬೈದೆ. ಮಾರನೆಯ ದಿನ ನೋಡಿದರೆ ಬೀರುವೂ ಜಾಗ ಬದಲಿಸಿತ್ತು!

ಅಂಥವಳು ಓದಿ ಆರ್ಕಿಟೆಕ್ಟ್ ಆದಳು. ಆಫೀಸಿನಲ್ಲಿ ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ಮನೆಗೆ ಗೆರೆ ಎಳೆಯುತ್ತಾಳೆ. ಅಲ್ಲಿ ಒಂದು ಇಟ್ಟಿಗೆ ಮುಟ್ಟುವ ಭಾಗ್ಯವೂ ಇಲ್ಲ. ಆ ಕೈ ಕಡಿತವೆಲ್ಲ ತೀರುವುದು ಸಂಜೆ ಹೊತ್ತು ಮತ್ತು ಭಾನುವಾರ, ತನ್ನ ಸ್ವಂತ ಮನೆಯ ಮೇಲೆ. ಗಲ್ಲಿಯ ಕೊನೆಯಲ್ಲಿ ಹಳೆಯದೊಂದು ಮನೆ ಕೊಂಡು, ಕೂಲಿಯವರು ಬೇಡ, ಎಲ್ಲ ನನ್ನ ಕೈಯಿಂದಲೇ ಆಗಬೇಕು ಎಂದು ಹೊರಟಳು. ಮನೆ ಕಟ್ಟಿ ನೋಡು ಅಂದ ಹಿರಿಯರು ಕೆಡವಿ ನೋಡು ಅಂತ ಹೇಳಿರಲಿಲ್ಲ. ಇವಳು ಅದನ್ನೂ ನೋಡಿದಳು. ನಡುಮನೆಯ ಗೋಡೆ ಕಟ್ಟಿದಳು, ಬೆಳಕು ಸಾಲದು ಎಂದು ಒಡೆದಳು, ಮತ್ತೆ ಕಟ್ಟಿದಳು.

ಅವಳ ಪದ್ಧತಿಯೇ ಬೇರೆ. ಗೋಡೆ ಎಬ್ಬಿಸುವ ಮೊದಲು ಅದು ಬರುವ ಕಡೆ ನೆಲಕ್ಕೆ ಕೆಂಪು ಟೇಪು ಅಂಟಿಸುತ್ತಾಳೆ. ಆಮೇಲೆ ವಾರಗಟ್ಟಲೆ ಮನೆಯವರೆಲ್ಲ ಅಲ್ಲಿ ಗೋಡೆ ಇದೆ ಎಂದೇ ಓಡಾಡಬೇಕು. ಅವಳ ಗಂಡ ಗಣಿತದ ಮೇಷ್ಟ್ರು, ಸಾಧು ಮನುಷ್ಯ. ಒಮ್ಮೆ ಟೀ ಲೋಟ ಹಿಡಿದು ಟೇಪು ದಾಟಿದರು.

"ರೀ! ಗೋಡೆ ತೂರ್ಕೊಂಡು ಬರ್ತಿದೀರಲ್ಲ, ಬಾಗಿಲು ಆ ಕಡೆ!"

ಪಾಪ, ಮೇಷ್ಟ್ರು ಹಿಂದಕ್ಕೆ ಹೋಗಿ, ಇಲ್ಲದ ಬಾಗಿಲಿನಿಂದ ಒಳಗೆ ಬಂದರು.

ಆದರೆ ಸಾಧುವಿಗೂ ಒಂದು ದಿನ ಸಿಟ್ಟು ಬರುತ್ತದೆ. ಆ ಮನೆಯಲ್ಲಿ ಅಡುಗೆ ಮಾಡುವವರು ಮೇಷ್ಟ್ರು. ನನ್ನ ತಂಗಿ ನೀರು ಕಾಯಿಸಿದರೂ ತಳ ಹಿಡಿಯುತ್ತದೆ. ಅಡುಗೆಮನೆ ಒಡೆದ ಮೇಲೆ ಒಲೆ ಮಗಳ ಓದುವ ಮೇಜಿಗೆ ಬಂತು, ಪಾತ್ರೆ ತೊಳೆಯುವುದು ಬಚ್ಚಲಿಗೆ ಹೋಯಿತು. ತುತ್ತು ತುತ್ತಿಗೂ ಸಿಮೆಂಟಿನ ಧೂಳು. ಕೊನೆಗೆ ನನ್ನ ಎದುರೇ ಮೇಷ್ಟ್ರು ಹೇಳಿದರು: "ಮಗಳ ರಜೆ ಮುಗಿಯೋದ್ರೊಳಗೆ ಅಡುಗೆಮನೆ ಆಗ್ಬೇಕು. ಇಲ್ಲಾಂದ್ರೆ ಅವಳನ್ನ ಕರ್ಕೊಂಡು ಬಾಡಿಗೆ ಮನೆಗೆ ಹೋಗ್ತೀನಿ. ಅಲ್ಲಿ ಗೋಡೆ ಇದ್ದಲ್ಲೇ ಇರುತ್ತೆ."

ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ತಂಗಿಗೂ ಆಗಿರಬೇಕು. ಅವತ್ತೇ ರಟ್ಟಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ, ಕೈಯಲ್ಲೊಂದು ಚಾಕು ಹಿಡಿದು, ಇಲ್ಲದ ತರಕಾರಿ ಹೆಚ್ಚುತ್ತ ಕಟ್ಟೆಯ ಎತ್ತರ ನೋಡತೊಡಗಿದಳು. ಡಬ್ಬ ತೆಗೆದಳು, ಇಟ್ಟಳು, ಮತ್ತೆ ತೆಗೆದಳು.

ಭಾನುವಾರ ನನಗೆ ಬುಲಾವು. ಹಲಗೆ ಹೊಡೆದು, ಕಂಬಿ ಕಟ್ಟಿ, ಕಾಂಕ್ರೀಟ್ ಸುರಿದೆವು. ನಾನು ಕರಣೆ ಆಡಿಸಿದಲ್ಲೆಲ್ಲ ಅವಳು ಬಂದು ಮತ್ತೆ ಆಡಿಸುತ್ತಾಳೆ. ಎಷ್ಟಂತ ಸಹಿಸಲಿ? ಕರಣೆ ಬಿಸಾಕಿದೆ. "ನೀನೇ ಮಾಡ್ಕೋ ಹೋಗೇ! ಕರೆಯೋದ್ಯಾಕೆ, ಕಾಲೆಳೆಯೋದ್ಯಾಕೆ?"

"ಕೋಪ ಆಮೇಲೆ ಮಾಡ್ಕೋ ಅಣ್ಣ. ನೀನು ಕಾಯ್ತೀಯ, ಕಾಂಕ್ರೀಟ್ ಕಾಯಲ್ಲ."

ಬೈದುಕೊಳ್ಳುತ್ತಲೇ ಕರಣೆ ಎತ್ತಿಕೊಂಡೆ.

ಒದ್ದೆ ಗೋಣಿ ಹೊದಿಸಿ, ಒಣಗಿಸಿ, ಉಜ್ಜಿದ ಮೇಲೆ ಕಟ್ಟೆ ಮುಖ ಕಾಣುವಷ್ಟು ನುಣುಪಾಯಿತು. ನನಗೇ ಹೆಮ್ಮೆ. ರಜೆ ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರು ಈರುಳ್ಳಿ, ಚಾಕು ಹಿಡಿದು ಬಂದು ಕಟ್ಟೆಯ ಮುಂದೆ ನಿಂತರು.

ಕಟ್ಟೆ ಅವರ ಎದೆಗೆ ಬಂತು.

ನನ್ನ ತಂಗಿ ಗಂಡನಿಗಿಂತ ಒಂದು ತಲೆ ಉದ್ದ. ಅಳತೆಯೆಲ್ಲ ತನ್ನ ಮೊಣಕೈಗೇ ಹಿಡಿದಿದ್ದಳು! ಮೇಷ್ಟ್ರು ಹಾರಲು ಹೊರಟ ಕೋಳಿಯ ಹಾಗೆ ಎರಡೂ ಮೊಣಕೈ ಎತ್ತಿ ಒಂದು ಈರುಳ್ಳಿ ಹೆಚ್ಚಿದರು. ಆಮೇಲೆ ಸುಮ್ಮನೆ ಹೊರಗೆ ಹೋಗಿ, ಖಾಲಿ ಹಣ್ಣಿನ ಪೆಟ್ಟಿಗೆ ತಂದು ಮಗುಚಿ ಹಾಕಿ, ಅದರ ಮೇಲೆ ಹತ್ತಿ ನಿಂತರು.

"ಅಪ್ಪ ಭಾಷಣ ಮಾಡೋಕೆ ನಿಂತ ಹಾಗಿದೆ" ಎಂದು ಮಗಳು ನಕ್ಕಳು. ಬೇರೆ ಯಾರೂ ನಗಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. "ಆಫೀಸಿಗೆ ಮನೆ ಪ್ಲಾನ್ ಕೇಳ್ಕೊಂಡು ಬಂದೋರಿಗೆಲ್ಲ ಅಡುಗೆ ಮಾಡೋರು ಯಾರು, ಕರೀರಿ ಅಂತ ಕೂಗ್ತೀಯ. ಕಂಡೋರ ಮೊಣಕೈ ಅಳೀತೀಯ. ಮನೇಲಿರೋ ಗಂಡ ಕಣ್ಣಿಗೆ ಬೀಳಲಿಲ್ವೇನೇ? ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ಬಾನೀಲಿ ಬಿತ್ತಂತೆ!"

ಅವಳು ಮೂಲೆಗೆ ಹೋಗಿ ದೊಡ್ಡ ಸುತ್ತಿಗೆ ಎತ್ತಿಕೊಂಡಳು.

"ಕೆಳಗಿಡು" ಅಂದರು ಮೇಷ್ಟ್ರು, ಪೆಟ್ಟಿಗೆಯ ಮೇಲಿಂದಲೇ. "ಒಂದೇಟು ಬಿದ್ರೂ, ಇದ್ರಿಂದ ಇಳಿದೋನು ಸೀದಾ ಬೀದಿಗಿಳೀತೀನಿ."

ಮಗಳ ನಗು ನಿಂತಿತು. ತಂಗಿ ಸುತ್ತಿಗೆ ಹಿಡಿದೇ ಇತ್ತ ಹೋದಳು, ಅತ್ತ ಬಂದಳು, ಕಟ್ಟೆ ನೋಡಿದಳು, ಪೆಟ್ಟಿಗೆ ನೋಡಿದಳು, ಪೆಟ್ಟಿಗೆಯ ಮೇಲಿನ ಸವೆದ ಚಪ್ಪಲಿಯ ಕಾಲು ನೋಡಿದಳು. ಆಮೇಲೆ ಸುತ್ತಿಗೆಯನ್ನು ಗೋಡೆಗೆ ಒರಗಿಸಿ, ಜೇಬಿನಿಂದ ಅಳತೆ ಟೇಪು ತೆಗೆದಳು.

"ರೀ, ಕೈ ಸ್ವಲ್ಪ ಮಡಚಿ." ಮೊಣಕೈಯಿಂದ ನೆಲದವರೆಗೆ ಅಳೆದಳು. "ಈ ಪೆಟ್ಟಿಗೆ ಎತ್ತರ ಸಾಕಾ?"

"ಇನ್ನು ಎರಡು ಬೆರಳು ಕಮ್ಮಿಯಾದ್ರೆ ಚೆನ್ನ."

ಅಷ್ಟು ವರ್ಷದಲ್ಲಿ ಆ ಮನೆಯ ವಿಷಯದಲ್ಲಿ ಅವಳು ಗಂಡನನ್ನು ಏನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕಿತ್ತಿಟ್ಟಿದ್ದ ಹಳೆಯ ಬಾಗಿಲ ಹಲಗೆಗಳನ್ನು ಕೊಯ್ದು, ಕಟ್ಟೆಯ ಉದ್ದಕ್ಕೂ ನೆಲದಿಂದ ಎತ್ತರಿಸಿದ ಅಟ್ಟಣೆಯೊಂದನ್ನು ಸಂಜೆಯೊಳಗೆ ಹೊಡೆದು ಕೂರಿಸಿದೆವು. ಮೇಷ್ಟ್ರು ಅದರ ಮೇಲೆ ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದು ನೋಡಿ, ಒಲೆ ತಂದಿಟ್ಟು ಹಚ್ಚಿದರು.

ಊಟವಾದ ಮೇಲೆ ಕಟ್ಟೆಯ ಸಿಂಕಿನಲ್ಲಿ ಪಾತ್ರೆ ತೊಳೆಯಲು ನಿಂತವಳು ತಂಗಿ. ಮೊದಲೇ ಉದ್ದ, ಈಗ ಅಟ್ಟಣೆ ಬೇರೆ. ಬಿಲ್ಲಿನಂತೆ ಬಗ್ಗಿದಳು.

"ಸೊಂಟ ಹೋಯ್ತು ರೀ."

"ಬಗ್ಗು ಬಗ್ಗು. ಇಷ್ಟು ದಿನ ನಾವು ಬಗ್ಗಿದ್ವಿ" ಅಂದರು ಮೇಷ್ಟ್ರು. ಬಾಡಿಗೆ ಮನೆಯ ಮಾತು ಆಮೇಲೆ ಬರಲಿಲ್ಲ.

ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿನಿಂದ ಕೂಗು ಬಂತು: "ಅಣ್ಣ, ಇಲ್ಲಿ ನಿಂತ್ರೆ ಈ ಕಿಟಕಿ ಸ್ವಲ್ಪ ತಗ್ಗಾಯ್ತು ಅನ್ಸಲ್ವಾ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹಿಂದೆ ಮುಂದೆ ನೋಡದೆ ಆ ಸುತ್ತಿಗೆಯನ್ನು ಎತ್ತಿ ಗಾಡಿಗೆ ಹಾಕಿಕೊಂಡು ಬಂದೆ. ಈಗದು ಗ್ಯಾರೇಜಿನಲ್ಲಿ ಹಳೇ ಟೈರುಗಳ ಕೆಳಗಿದೆ. ಬೆಳಗಿನಿಂದ ಅವಳ ಫೋನು ಬಡಿದುಕೊಳ್ಳುತ್ತಲೇ ಇದೆ. ಬಡಿದುಕೊಳ್ಳಲಿ, ನಾನು ಎತ್ತುವವನಲ್ಲ.