ಪೊದೆಗೊಂದು ಕಟಿಂಗ್

ಊರಿನ ಅರ್ಧದಷ್ಟು ತಲೆಗಳು ಕಟಿಂಗ್ ಅಂಗಡಿಯ ಯಜಮಾನರ ಕೈಯಲ್ಲಿದ್ದವು. ಯಾರದೋ ಕಿವಿಯ ಮೇಲೆ ಒಂದು ಕೂದಲು ಬಾಗಿದ್ದು ಕಂಡರೂ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಬಲಗೈಯ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಇಲ್ಲದ ಕತ್ತರಿಯಿಂದ ಗಾಳಿಯನ್ನೇ ಕತ್ತರಿಸುತ್ತಿದ್ದವು.

ಹಿತ್ತಲು ಮಾತ್ರ ಹೆಂಡತಿಯ ರಾಜ್ಯ. ಮಣ್ಣಿನ ತಟ್ಟೆಯಲ್ಲಿ ಕಾಳು ಮತ್ತು ಹಣ್ಣಿನ ಚೂರು, ಅಂಚು ಒಡೆದ ಬೋಗುಣಿಯಲ್ಲಿ ನೀರು, ಗೋಡೆಯ ಮೂಲೆಯಲ್ಲಿ ತಾನಾಗಿ ಬೆಳೆದ ಒಂದು ಪೊದೆ. ಗುಬ್ಬಿ, ಗೊರವಂಕ, ಪಿಕಳಾರ ಎಲ್ಲಕ್ಕೂ ಆಕೆಯ ಪರಿಚಯ. ಯಜಮಾನರಿಗೆ ಹಕ್ಕಿಗಳ ಮೇಲೆ ತಕರಾರೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ಪಿಕಳಾರದ ಜುಟ್ಟು ನೋಡಿ ಒಮ್ಮೆ "ಸ್ವಲ್ಪ ಲೆವೆಲ್ ಮಾಡಬೇಕು" ಎಂದಿದ್ದರು, ಅಷ್ಟೇ.

ಹೀಗಿರುವಾಗ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿ ಕರೆತಂದು ಹಿತ್ತಲ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ತಲೆ ದಿಂಬಿಗೆ ತಾಗುವ ಮೊದಲೇ ಆಕೆ ಕೇಳಿದರು, "ರೀ, ಹಕ್ಕಿಗೆ ನೀರಿಟ್ರಾ?"

"ಇಡ್ತೀನಿ. ಅದೇನು ದೊಡ್ಡ ವಿದ್ಯೆನಾ?"

ದೊಡ್ಡ ವಿದ್ಯೆಯೇನೂ ಆಗಿರಲಿಲ್ಲ. ಯಜಮಾನರು ಕಾಳು ಹಾಕಿದರು, ಹಕ್ಕಿಗಳು ಬಂದವು, ಆಕೆ ಮಲಗಿದಲ್ಲಿಂದಲೇ ನೋಡಿದರು. ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಟ್ಟೆ ಇಡಲು ಹೋದವರ ಕಣ್ಣು ಪೊದೆಯ ಮೇಲೆ ಬಿತ್ತು. ಅದು ಅಡ್ಡಾದಿಡ್ಡಿ ಬೆಳೆದು, ಕಿವಿ ಮುಚ್ಚಿ, ಕತ್ತಿನ ಮೇಲೆ ಇಳಿದಿತ್ತು. ಅಂಗಡಿಗೆ ರಜೆ ಇದ್ದ ದಿನ, ಆಕೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಪೊದೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಸುತ್ತ ಸಣ್ಣಗೆ, ಮೇಲೆ ಸಮ, ಒಳಗೆಲ್ಲ ತೆಳು ಮಾಡಿ, ಕೊನೆಗೆ ಟವೆಲ್ಲಿನಿಂದ ಕೊಡವಿದರು. ಅಷ್ಟು ಲಕ್ಷಣವಾದ ಪೊದೆ ಆ ಬೀದಿಯಲ್ಲೇ ಇರಲಿಲ್ಲ.

ಮರುದಿನ ಹಕ್ಕಿಗಳು ಬರಲಿಲ್ಲ. ಅದರ ಮರುದಿನವೂ ಇಲ್ಲ.

ಆಕೆ ಬೈಯಲಿಲ್ಲ. "ಚೆನ್ನಾಗಿ ಮಾಡಿದ್ದೀರಿ" ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬೈದಿದ್ದರೆ ಯಜಮಾನರು ಎದುರುತ್ತರವನ್ನಾದರೂ ಕೊಡಬಹುದಿತ್ತು.

ಅವರು ತೋಚಿದ್ದೆಲ್ಲ ಮಾಡಿದರು. ಕಾಳು ಬದಲಾಯಿಸಿದರು. ಬೋಗುಣಿಯನ್ನು ಉಜ್ಜಿ ಫಳಫಳ ಹೊಳೆಸಿದರು. ಗಿರಾಕಿ ಬರಬೇಕಾದರೆ ಕನ್ನಡಿ ಬೇಕು ಎಂದು ಅಂಗಡಿಯ ಹಳೇ ಕನ್ನಡಿ ತಂದು ಹಿತ್ತಲಲ್ಲಿ ನೇತುಹಾಕಿದರು. ಒಂದು ಕಾಗೆ ಬಂತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿ ನೋಡಿಕೊಂಡು, ಏನೂ ಹೇಳದೆ ಹೋಯಿತು.

ಪ್ಲಾಸ್ಟರ್ ಬಿಚ್ಚಿದ್ದಾಯಿತು. ದಿನಾ ಕೋಲು ಹಿಡಿದು ನಡೆಯದಿದ್ದರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಆಕೆ ಏಳಲೇ ಇಲ್ಲ. "ಎದ್ದು ಎಲ್ಲಿಗೆ ಹೋಗ್ಲಿ?" ಎಂದರು. ಅಡುಗೆಮನೆಗೆ ಎನ್ನಲು ಯಜಮಾನರಿಗೆ ಬಾಯಿ ಬರಲಿಲ್ಲ. ಕೋಲು ಬಾಗಿಲ ಹಿಂದೆ ನಿಂತೇ ಇತ್ತು. ಇವಳು ಇನ್ನು ಏಳುವುದೇ ಇಲ್ಲವೇನೋ ಎಂದು ಅವರಿಗೆ ನಿಜವಾಗಿಯೂ ಭಯವಾಯಿತು. ಆ ವಾರ ಅಂಗಡಿಯಲ್ಲಿ ಒಬ್ಬರ ಮೀಸೆ ಒಂದು ಕಡೆ ಗಿಡ್ಡವಾಯಿತು.

ಅಕ್ಕನನ್ನು ನೋಡಲು ಬಂದ ಭಾವಮೈದ ಹಿತ್ತಲಿಗೆ ಹೋಗಿ ಬಂದ. ಅವನು ಎಲೆಕ್ಟ್ರಿಷಿಯನ್, ಕೆಟ್ಟದ್ದು ಎಲ್ಲಿ ಎಂದು ಹುಡುಕುವುದು ಅವನ ಅಭ್ಯಾಸ.

"ಭಾವ, ಪೊದೆಗೆ ಯಾಕೆ ಮಿಲಿಟರಿ ಕಟಿಂಗ್ ಮಾಡಿದ್ದೀರಿ?"

"ನೀಟಾಗಿಲ್ವಾ?"

ಮಂಚದಿಂದ ಆಕೆ ಹೇಳಿದರು, "ಹಕ್ಕಿ ನೇರ ತಟ್ಟೆಗೆ ಇಳಿಯಲ್ಲ ಕಣೋ. ಮೊದಲು ಪೊದೆ ಒಳಗೆ ಕೂತು ಬೆಕ್ಕಿದೆಯಾ ಅಂತ ನೋಡುತ್ತೆ. ಈಗ ಬಚ್ಚಿಟ್ಕೊಳ್ಳೋಕೆ ಅಲ್ಲೇನಿದೆ? ನಿಮ್ಮ ಭಾವನಿಗೆ ಹೇಳು."

ಭಾವ ಅಲ್ಲೇ ನಿಂತಿದ್ದರು.

ಬೀದಿಯ ಕೊನೆಯಲ್ಲಿ ಕರೆಂಟ್ ತಂತಿಗೆ ತಗಲುತ್ತಿದ್ದ ಕೊಂಬೆಗಳನ್ನು ಲೈನ್‌ಮನ್‌ಗಳು ಕಡಿದು ರಾಶಿ ಹಾಕಿದ್ದರು. ಅಂದು ಸಂಜೆ ಇಬ್ಬರೂ ಹೋಗಿ, ದಟ್ಟವಾಗಿದ್ದವನ್ನು ಆರಿಸಿ ಎಳೆದು ತಂದು, ಬೋಳು ಪೊದೆಯ ಸುತ್ತ ಕಟ್ಟಿದರು. ವಾರದಿಂದ ನೀರು ಕಾಣದ ತಲೆಯ ಹಾಗಿತ್ತು ಅದು. ಒಂದು ರೆಂಬೆಯಂತೂ ಎಲ್ಲವನ್ನೂ ಮೀರಿ ಮುಂದಕ್ಕೆ ಚಾಚಿಕೊಂಡಿತ್ತು. ಯಜಮಾನರ ಬೆರಳುಗಳು ಆಡತೊಡಗಿದವು. ಅವರು ಒಳಗೆ ಹೋಗಿ ಕತ್ತರಿಯನ್ನು ಹೆಂಡತಿಯ ಕೈಗೆ ಕೊಟ್ಟರು.

"ಮನೆಯಲ್ಲಿರೋ ಕತ್ತರಿ ನಿನ್ನ ಹತ್ರಾನೇ ಇರಲಿ."

ಆಕೆ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡರು. ಆದರೂ ಹಕ್ಕಿಗಳು ಬರಲಿಲ್ಲ. ಯಜಮಾನರು ಮಾತ್ರ ದಿನಾ ತಟ್ಟೆ ತುಂಬಿಸುತ್ತಲೇ ಇದ್ದರು.

ಒಂದು ಮಧ್ಯಾಹ್ನ ಆಕೆ ದಿಂಬಿನ ಕೆಳಗಿನ ಕತ್ತರಿ ತೆಗೆದು ಅವರ ಮುಂದೆ ಹಿಡಿದರು. ಮಲಗಿ ಮಲಗಿ ಕೂದಲೆಲ್ಲ ಗಂಟುಗಂಟಾಗಿತ್ತು.

"ಕತ್ತರಿಸಿಬಿಡಿ. ಇನ್ನು ಇದನ್ನ ಯಾರು ನೋಡ್ಬೇಕು?"

ಅವರಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. "ಬೇಡ, ಬಿಡಿಸ್ತೀನಿ" ಎಂದರು.

ಆಕೆಯನ್ನು ಕಿಟಕಿಗೆ ಮುಖ ಮಾಡಿ ಕೂರಿಸಿ, ಹಿಂದೆ ಕೂತು, ಎಣ್ಣೆ ಹಚ್ಚಿ, ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದರು. ಊರವರ ತಲೆಯನ್ನೆಲ್ಲ ಬಲ್ಲ ಮನುಷ್ಯನಿಗೆ ಹೆಂಡತಿಯ ಕೂದಲು ಇಷ್ಟು ನರೆತಿದೆ ಎಂಬುದು ಗೊತ್ತಿರಲಿಲ್ಲ. ಬಿಡಿಸಿದ ಎಳೆಯನ್ನು ಬದಿಗೆ ಸರಿಸಿ, ಮುಂದಿನದಕ್ಕೆ ಬಾಚಣಿಗೆ ಎತ್ತಿದರು.

"ಅಲ್ಲಾಡಬೇಡಿ" ಎಂದರು ಆಕೆ ಮೆಲ್ಲಗೆ.

ಇದು ಅವರು ಗಿರಾಕಿಗಳಿಗೆ ಹೇಳುವ ಮಾತು. ಬಾಚಣಿಗೆ ಎತ್ತಿದ ಕೈ ಹಾಗೇ ನಿಂತಿತು. ಕಿಟಕಿಯಾಚೆ, ಮುಂದಕ್ಕೆ ಚಾಚಿದ್ದ ಅದೇ ರೆಂಬೆಯ ತುದಿಯಲ್ಲಿ ಪಿಕಳಾರ ಜುಟ್ಟು ನಿಮಿರಿಸಿಕೊಂಡು ಕೂತಿತ್ತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಕೊಂಬೆಗಳ ಒಳಕ್ಕೆ ನುಗ್ಗಿತು, ಹೊರಬಂದು ತಟ್ಟೆಗೆ ಇಳಿಯಿತು. ಅದರ ಹಿಂದೆಯೇ ಗುಬ್ಬಿಗಳು ಬಂದವು. ಯಜಮಾನರ ತೋಳು ನೋಯುತ್ತಿತ್ತು. ಇಳಿಸಲಿಲ್ಲ.

ತಟ್ಟೆ ಬೇಗ ಖಾಲಿಯಾಯಿತು.

"ರೀ, ಆ ಕೋಲು ಕೊಡಿ."

"ನಾನೇ ಹಾಕಿ ಬರ್ತೀನಿ, ಕೂತ್ಕೋ. ಇನ್ನೂ ಅರ್ಧ ತಲೆ ಬಾಕಿ ಇದೆ."

"ನೀವು ಹೋದ್ರೆ ಹಾರಿಹೋಗ್ತವೆ. ಕೋಲು ಕೊಡಿ."

ಕೊಟ್ಟರು. ಆಕೆ ಹಲ್ಲು ಕಚ್ಚಿಕೊಂಡು ಎದ್ದು, ಒಂದು ಕಡೆ ಬಾಚಿದ, ಇನ್ನೊಂದು ಕಡೆ ಕೆದರಿದ ತಲೆಯಲ್ಲಿ, ಗೋಡೆ ಹಿಡಿದು ಹಿತ್ತಲ ಬಾಗಿಲಿನತ್ತ ಹೆಜ್ಜೆ ಹಾಕಿದರು. ಬಿದ್ದರೆ ಹಿಡಿಯಲೆಂದು ಯಜಮಾನರು ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೋದರು. ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು. ಅರ್ಧ ತಲೆಯ ಗಿರಾಕಿಯನ್ನು ಅವರು ಎದ್ದುಹೋಗಲು ಬಿಟ್ಟದ್ದು ಅದೇ ಮೊದಲು.